ಕಾಕಾನ ಪುಟದಲ್ಲಿ ನಿಂತುಹೋದ ಬೆಲೆ

2024ರಲ್ಲಿ ನಾನು ಕಲಬುರಗಿಯ ಖೂಬಾ ಪ್ಲಾಟ್‌ನ ಮನೆಯಲ್ಲಿದ್ದುಕೊಂಡೇ ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಅಡುಗೆಮನೆಯ ಪಕ್ಕದ ಮೇಜೇ ನನ್ನ ಆಫೀಸು. ಕುಕ್ಕರ್ ಸೀಟಿ ಎಣಿಸುತ್ತಲೇ ಕೋಡ್ ಬರೆಯುವುದು ರೂಢಿಯಾಗಿತ್ತು.

ಕಮಲಾಪುರದಲ್ಲಿರುವ ನನ್ನ ಕಾಕಾ ನಿವೃತ್ತ ಮಾಸ್ತರರು. ಓಣಿಯವರ ಪೆನ್ಶನ್ ಪತ್ರ, ಬ್ಯಾಂಕಿನ ಫಾರ್ಮು ಎಲ್ಲವನ್ನೂ ಮುಂಜಾನೆ ಕಟ್ಟೆಯ ಮೇಲೆ ಕೂತು ಓದಿ ಹೇಳುವವರು ಅವರೇ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆದ ಮೇಲೆ ಷೇರು ಕಂಪನಿಯ ಆ್ಯಪ್‌ನ ಅಕ್ಷರಗಳು ಮಾತ್ರ ಇರುವೆ ಸಾಲಿನಂತೆ ಕಾಣುತ್ತವೆ ಅಂದರು. ಅವರಿಗಾಗಿ ನಾನೊಂದು ಡ್ಯಾಶ್‌ಬೋರ್ಡ್ ಮಾಡಿಕೊಟ್ಟೆ, ಅಂದರೆ ಅವರ ಖಾತೆಯ ಷೇರುಗಳ ಬೆಲೆಯನ್ನು ಅಂಗೈಯಗಲದ ಅಂಕಿಗಳಲ್ಲಿ ತೋರಿಸುವ ಒಂದೇ ಪುಟ. ಅದು ಕಂಪನಿಯದ್ದಲ್ಲ, ಕಂಪನಿಗೆ ಗೊತ್ತೂ ಇರಲಿಲ್ಲ. ಕಾಕಾನ ಪಾಸ್‌ವರ್ಡು ನನ್ನ ಕಿರಾಣಿ ಚೀಟಿಯ ಪುಸ್ತಕದಲ್ಲಿತ್ತು. ಅದೂ ತಪ್ಪೇ.

ಇಂಥ ಪುಟಕ್ಕೆ ದಿನವೂ ಹೊಸ ಟೋಕನ್ ಬೇಕು. ಟೋಕನ್ ಅಂದರೆ ಒಂದು ದಿನದ ಗೇಟ್‌ಪಾಸ್ ಇದ್ದಂತೆ. ಪ್ರತಿ ಮುಂಜಾನೆ ನಾನು ಲಾಗಿನ್ ಆಗದಿದ್ದರೆ ಬೆಲೆ ಬರುವುದು ನಿಲ್ಲುತ್ತದೆ. ಹಾಗೆ ನಿಂತರೆ ಪುಟದಲ್ಲಿ ಏನು ಕಾಣಬೇಕು? ನಮ್ಮ ಮನೆಗಳಲ್ಲಿ ಅಕ್ಕಿ ತೀರಿದರೆ ‘ಇಲ್ಲ’ ಅನ್ನುವುದಿಲ್ಲ, ‘ಹೆಚ್ಚಾಗ್ಯಾವ’ ಅನ್ನುತ್ತೇವೆ. ಖಾಲಿ ಡಬ್ಬಿ ಯಾರಿಗೂ ತೋರಿಸುವುದಿಲ್ಲ. ಕೋಡ್ ಬರೆಯುವಾಗಲೂ ನನ್ನ ಕೈ ಹಾಗೇ ನಡೆಯಿತು. ಬೆಲೆ ಬಾರದಿದ್ದರೆ ಕೊನೆಗೆ ಬಂದ ಬೆಲೆಯನ್ನೇ, ತಾಜಾ ಬೆಲೆಯ ಅದೇ ಹಸಿರು ಬಣ್ಣದಲ್ಲಿ, ತೋರಿಸು ಎಂದು ಬರೆದೆ. ಕಾಕಾನಿಗೆ ಇದನ್ನು ಹೇಳಲಿಲ್ಲ.

ಆ ವರ್ಷದ ಕೊನೆಯಲ್ಲಿ ಶರಣಸಿರಸಗಿಯಲ್ಲಿ ನಾದಿನಿಯ ಕುಬಸ, ಅಂದರೆ ಸೀಮಂತ. ಉಡಿ ತುಂಬುವುದು, ಹೋಳಿಗೆ, ಬಂದವರ ಉಪಚಾರ ಎಂದು ಎರಡು ದಿನ ಲಾಗಿನ್ ಮರೆತೆ. ಒಂದು ಷೇರು ನಾನೂರರ ಕೆಳಗಿಳಿದರೆ ಬ್ರೋಕರ್ ಆಫೀಸಿಗೆ ಫೋನ್ ಮಾಡಿ ಮಾರಬೇಕೆಂದು ಕಾಕಾ ನಿಶ್ಚಯಿಸಿದ್ದರು. ಎರಡೂ ದಿನ ಪುಟ 412 ತೋರಿಸುತ್ತ ಕೂತಿತ್ತು. ಮೂರನೆಯ ಮುಂಜಾನೆ ನಾನು ಲಾಗಿನ್ ಆದೆ. ಬೆಲೆ 351.

ಐದೇ ನಿಮಿಷಕ್ಕೆ ಕಾಕಾನ ಫೋನು. ಸಿಟ್ಟಿಲ್ಲದ, ಸಣ್ಣ ದನಿ.

“ಸುಮಾ, ನನ್ನ ಕಣ್ಣು ಹೋದವು ನೋಡವಾ. ಮುನ್ನೂರ ಐವತ್ತೊಂದಕ್ಕ ನಾನು ನಾನೂರ ಹನ್ನೆರಡು ಅಂತ ಓದೀನಿ. ಅದೂ ಎರಡು ದಿನ.”

ಆಗಲೇ ಹೇಳಬೇಕಿತ್ತು. “ಇರ್ಲಿ ಬಿಡ್ರಿ ಕಾಕಾ” ಅಂದೆ.

ಹೋದ ರೊಕ್ಕದ ಬಗ್ಗೆ ಅವರು ಮತ್ತೆ ಮಾತೆತ್ತಲಿಲ್ಲ. ಆದರೆ ಎರಡು ವಾರದ ನಂತರ ಕಾಕಿ ಫೋನಿನಲ್ಲಿ, ಅವರು ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟಿದ್ದಾರೆ, ಫಾರ್ಮು ತಂದವರನ್ನು ‘ನನ್ನ ನಂಬಬ್ಯಾಡ್ರಿ’ ಅಂತ ತಿರುಗಿ ಕಳಿಸುತ್ತಿದ್ದಾರೆ, ಚಷ್ಮಾ ಟ್ರಂಕಿನಲ್ಲಿದೆ ಎಂದು ಹೇಳಿದರು. ಮೂರು ದಿನ ಹಿಂದೇಟು ಹಾಕಿದೆ. ನಾಲ್ಕನೆಯ ದಿನ ಕಮಲಾಪುರದ ಬಸ್ ಹತ್ತಿದೆ.

ಕಾಕಾ ಒಳಗೆ ಮಂಚದ ಮೇಲೆ ಕೂತಿದ್ದರು. ಗೇಟ್‌ಪಾಸು, ಕುಬಸ, ಖಾಲಿ ಪುಟ ತೋರಿಸಲು ನಾಚಿ ನಾನು ಬರೆದ ಆ ಸಾಲು ಎಲ್ಲ ಹೇಳಿದೆ. “ನೀವು ಓದಿದ್ದು ಖರೇನೇ ಇತ್ತು ಕಾಕಾ. ಪುಟಾನೇ ಸುಳ್ಳು ಹೇಳ್ತು. ಹೇಳಿಸಿದಾಕಿ ನಾನು.”

ಅವರು ಕಾಕಿಗೆ ಚಷ್ಮಾ ತರಲು ಹೇಳಿ, ನನ್ನ ಕೈಯಲ್ಲಿ ಮುದ್ದೆಯಾಗಿದ್ದ ಬಸ್ ಟಿಕೆಟ್ ಇಸಿದುಕೊಂಡು ಬಿಡಿಸಿದರು. ಹೆಂಗಸರಿಗೆ ಕೊಡುವ ಉಚಿತ ಟಿಕೆಟ್, ಅದರ ಮೇಲೆ ಮಾಸಿದ ಸಣ್ಣ ಅಕ್ಷರ. ಊರ ಹೆಸರಿನಿಂದ ಟಿಕೆಟ್ ದರದ ಸಾಲಿನವರೆಗೆ ತಡವರಿಸದೆ ಓದಿದರು.

“ನೋಡು, ಸೊನ್ನಿ ಇದ್ದಲ್ಲಿ ಕಂಡಕ್ಟರ್ ಸೊನ್ನಿ ಅಂತನೇ ಹೊಡದು ಕೊಟ್ಟಾನ. ಅವನಿಗಿಲ್ಲದ ನಾಚಿಕಿ ನಿನಗ್ಯಾಕವಾ?”

ನಕ್ಕರು. ನನಗೆ ನಗಲಾಗಲಿಲ್ಲ.

ಪಾಸ್‌ವರ್ಡು ಬದಲಿಸಿದ ಕಾಕಾ ಈಗ ಪ್ರತಿ ಮುಂಜಾನೆ ತಾವೇ ಲಾಗಿನ್ ಆಗುತ್ತಾರೆ. ಬೆಲೆ ಬಾರದಿದ್ದರೆ ಪುಟದಲ್ಲಿ ಅಂಗೈಯಗಲದ ಅಕ್ಷರದಲ್ಲಿ ‘ಗೊತ್ತಿಲ್ಲ’ ಎಂದು ಬರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದನ್ನು ಈ ಕೆಲಸ ನನಗೆ ಕಲಿಸಿತು. ಗೊತ್ತಿದ್ದೂ ಸುಮ್ಮನಿದ್ದೆನಲ್ಲ, ಅದಕ್ಕೆ ಯಾವ ಸಾಲು ಬರೆಯಬೇಕೋ ತಿಳಿಯದು. ನಾನು ಹೋಗಿ ಹೇಳಿಬಂದ ಮರುದಿನವೇ ಕಾಕಾ ಕಟ್ಟೆಗೆ ಬಂದು ಕೂತರಂತೆ. ಅದಕ್ಕೂ ಮೊದಲು ಯಾರು ಯಾರು ಫಾರ್ಮು ಹಿಡಿದು ಬಂದು ತಿರುಗಿ ಹೋದರೋ, ಅದನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.