ಉಡಿಯಲ್ಲಿ ಬಂದ ಡಬ್ಬಿ

ದೊಡ್ಡವ್ವನ ಮೊಣಕಾಲು ಹಗುರಾದದ್ದು ನಮ್ಮ ಬಳಗಕ್ಕೆಲ್ಲ ದೊಡ್ಡ ಸುದ್ದಿಯಾಗಿತ್ತು. ಅವಳು ಅವ್ವನ ಅಕ್ಕ, ರಾಮದುರ್ಗದ ಹತ್ತಿರ ಸುರೇಬಾನದಲ್ಲಿ ಇರುತ್ತಾಳೆ. ಮೆಟ್ಟಿಲು ಹತ್ತುವಾಗ ಓಣಿಗೆಲ್ಲ ಕೇಳುವಂತೆ ‘ಶಿವಶಿವಾ’ ಎನ್ನುತ್ತಿದ್ದವಳು, ಈಗ ಮಾಳಿಗೆ ಏರಿ ತಾನೇ ಸಂಡಿಗೆ ಹಾಕಿ ಬರುತ್ತಿದ್ದಳು. ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿ ಇಲ್ಲದೆಯೇ ಸಿಗುವ ಕೀಲುನೋವಿನ ಗುಳಿಗೆಯೇ ಇದಕ್ಕೆಲ್ಲ ಕಾರಣವೆಂದು ಅವಳ ನಂಬಿಕೆ. ಕಿತ್ತೂರಿಗೆ ಕೊಟ್ಟ ಮಗಳಿಗೂ ಒಂದು ಡಬ್ಬಿ ಕಳಿಸಿದ್ದಳು. ಕೀಲುನೋವು ಕೆಲವು ಸಲ ತಾನಾಗಿಯೇ ಇಳಿಯುತ್ತದೆ, ಶ್ರೇಯಸ್ಸು ಮಾತ್ರ ಆಗ ತಿನ್ನುತ್ತಿದ್ದ ಗುಳಿಗೆಗೆ ಹೋಗುತ್ತದೆ ಎಂದು ನಾನು ಫೋನಿನಲ್ಲಿ ವಿವರಿಸಲು ಹೋದೆ.

“ನೀ ಸಾಲಿ ಭಾಳ ಕಲ್ತಿ ತಮ್ಮಾ, ಅದಕ ನಿನಗ ಹಗಲು ಅಂದ್ರೂ ಸಂಶೇನ” ಎಂದಳು.

ಸಂಶಯ ನನ್ನ ಹಳೆಯ ಚಾಳಿ, ನಿಜ. ಧಾರವಾಡದಲ್ಲಿ ವಿಜ್ಞಾನ ಓದುವಾಗ ಹತ್ತಿದ್ದು ಇನ್ನೂ ಬಿಟ್ಟಿಲ್ಲ. ಈಚೆಗೆ ಅದು ನನ್ನ ನೆನಪಿಗೂ ಹಬ್ಬಿದೆ. ಕಳೆದ ಬೇಸಿಗೆಯಲ್ಲಿ ದೊಡ್ಡವ್ವನ ಊರಿಗೆ ಹೋದಾಗ ಯರಗಟ್ಟಿಯಲ್ಲಿ ಮಿರ್ಚಿ ತಿಂದೆವೆಂದು ನನ್ನ ನೆನಪು. ಸವದತ್ತಿಯಲ್ಲಿ ಎಂದು ಹೆಂಡತಿ. ಖಾರದ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಆ ಸಲ ಹೊರಡುವಾಗ ದೊಡ್ಡವ್ವ ಅವ್ವನಿಗೆ ಉಡಿ ತುಂಬಿದಳು. ತಂಗಿಯನ್ನು ಉಡಿ ತುಂಬದೆ ಕಳಿಸುವುದುಂಟೆ? ಅವ್ವ ಸೆರಗು ಒಡ್ಡಿದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ ಬಿದ್ದವು. ಅರಿಷಿಣ ಕೊಂಬು ಬೀಳುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಬಿತ್ತು.

“ಇದೇನ ಅಕ್ಕಾ?”

“ಅರಿಷಿಣನ ಬೇ! ಡಬ್ಬಿ ಮ್ಯಾಲಿನ ಚಿತ್ರ ನೋಡಲ್ಲಿ. ದಿನಾ ಒಂದು ನುಂಗು, ನಿನ್ನ ಮೊಣಕಾಲೂ ಕುಣಿತಾವು.”

ಈ ಮಾತು ನಾನೇ ಕೇಳಿದಂತೆ ಕಿವಿಯಲ್ಲಿದೆ. ಆದರೆ ಆಗ ನಾನು ಹೊರಗೆ ಕಾರು ತಿರುಗಿಸುತ್ತಿದ್ದೆ. ಹೆಂಡತಿ ಆಮೇಲೆ ಎಂದೋ ಹೇಳಿದ್ದನ್ನು ನನ್ನದೇ ನೆನಪಾಗಿ ಮಾಡಿಕೊಂಡಿರಬೇಕು.

ಅವ್ವನಿಗೆ ಬಹಳ ಹಿಂದೆಯೇ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಗಿದೆ. ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಗುಳಿಗೆ ತೆಗೆದುಕೊಳ್ಳಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಗಟ್ಟಿಯೂ ಆಗಬಾರದು, ತೀರಾ ತೆಳುವೂ ಆಗಬಾರದು. ‘ಅಂಬಲಿ ಹದ’ ಎನ್ನುತ್ತಾಳೆ ಅವ್ವ. ಅಷ್ಟು ವರ್ಷ ಆ ಹದ ತಪ್ಪಿರಲಿಲ್ಲ. ಸುರೇಬಾನದಿಂದ ಬಂದ ಕೆಲವು ವಾರಗಳಲ್ಲಿ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರತೊಡಗಿತು. ಎಲ್ಲಿಯೂ ಪೆಟ್ಟು ಬೀಳದೆ ಮೊಳಕೈ ಹತ್ತಿರ ನೀಲಿ ಕಲೆಗಳು ಮೂಡಿದವು. ನಾನು ಗಾಬರಿಯಾಗಿ ನಮ್ಮೂರು ಬೈಲಹೊಂಗಲದಲ್ಲೇ ಇರುವ ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಪರೀಕ್ಷೆಯಲ್ಲಿ ರಕ್ತ ಬಹಳ ತೆಳುವಾಗಿರುವುದು ಕಂಡಿತು. ಹೀಗೇ ಬಿಟ್ಟರೆ ಒಳಗೆಲ್ಲಾದರೂ ರಕ್ತ ಸೋರಬಹುದು ಎಂದು ಡಾಕ್ಟರು ನನಗೆ ತಗ್ಗಿದ ದನಿಯಲ್ಲಿ ಹೇಳಿ, ಅವ್ವನ ಕಡೆ ತಿರುಗಿದರು.

“ಅವ್ವಾರ, ಬ್ಯಾರೆ ಗುಳಿಗಿ ಏನರ ತಗೊಳ್ಳಾಕತ್ತೀರೇನು?”

“ಇಲ್ರಿ ಸಾಹೇಬ್ರ.”

“ಇಲ್ರಿ” ಎಂದೆ ನಾನೂ, ಕೇಳದಿದ್ದರೂ.

“ಕಷಾಯ? ಪುಡಿ? ಲೇಹ್ಯ?”

“ನಿಮ್ಮಾಣೆ ಇಲ್ರಿ. ನಮ್ಮ ಅಕ್ಕನ ಉಡಿ ಒಂದ ಬಿಟ್ರ ಯಾರ ಮನೀದೂ ಏನೂ ಮುಟ್ಟಿಲ್ಲ.”

ಬೇರೆ ಸೀಮೆಯ ಡಾಕ್ಟರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೇನೋ. ಇವರು ಈ ಕಡೆಯವರೇ. ಪೆನ್ನು ಕೆಳಗಿಟ್ಟು, “ಉಡ್ಯಾಗ ಏನೇನ ಇತ್ತರಿ?” ಎಂದರು.

“ಏನಿರತೈತ್ರಿ, ಅಕ್ಕಿ, ಕೊಬ್ಬರಿ, ಉತ್ತತ್ತಿ… ಅರಿಷಿಣ ಗುಳಿಗಿ.”

ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ನೋಡಿದೆ. ಅವ್ವ ಸುಳ್ಳು ಹೇಳಿರಲಿಲ್ಲ. ಅವಳ ಪಾಲಿಗೆ ಉಡಿಯಲ್ಲಿ ಬಂದದ್ದು ಔಷಧವೇ ಅಲ್ಲ, ಅಕ್ಕನ ಹಾರೈಕೆ.

“ಅಡಗಿಗೆ ಹಾಕೂ ಅರಿಷಿಣ ಬ್ಯಾರೆ, ಇದು ಬ್ಯಾರೆ ಅವ್ವಾರ. ಇದರಾಗ ಅರಿಷಿಣದ ಸಾರಾ ತಗದು ತುಂಬಿರತಾರ. ಅದರ ಜೋಡಿ ಕೀಲಿಗಂತ ಇನ್ನೊಂದು ಔಷಧಾನೂ ಹಾಕಿರತಾರ. ಎರಡೂ ಕೂಡಿ ನಿಮ್ಮ ರಕ್ತದ ಗುಳಿಗಿ ಜೋರು ಏರಸಬಹುದು.”

“ಚೀಟಿ ಇಲ್ಲದನ ಕೊಡತಾರಲ್ರಿ?” ಎಂದೆ ನಾನು.

“ಚೀಟಿ ಬ್ಯಾಡ ಅಂದ್ರ ಯಾರು ಬೇಕಾದ್ರೂ ತಿನ್ನಬಹುದು ಅಂತಲ್ರಿ. ಕೆಲವರು ಆರಾಮಾತು ಅಂತಾರ, ಕೆಲವರಿಗೆ ಏನೂ ಆಗೂದಿಲ್ಲ. ನಿಮ್ಮ ಅವ್ವಾರಿಗೆ ಮಾತ್ರ ಬ್ಯಾಡ. ಮತ್ತ ಏನರ ತಗೊಳ್ಳೂದಿದ್ರ ಮೊದಲ ನನಗ ತೋರಸ್ರಿ. ಉಡ್ಯಾಗಿಂದಿದ್ರೂ.”

ಅಂದಿನ ರಕ್ತದ ಗುಳಿಗೆಯನ್ನು ತಡೆದು, ಮತ್ತೆ ಪರೀಕ್ಷೆಗೆ ಬರಹೇಳಿದರು. ಡಾಕ್ಟರ ಕೆಲಸ ಅಲ್ಲಿಗೆ ಮುಗಿಯಿತು, ಅವ್ವನ ಕಷ್ಟ ಅಲ್ಲಿಂದ ಶುರುವಾಯಿತು. ಮನೆಗೆ ಬಂದು ಡಬ್ಬಿಯನ್ನು ಕಸಕ್ಕೆ ಎಸೆಯುತ್ತೇನೆಂದು ನಾನು ಕೈ ಚಾಚಿದರೆ ಅವಳು ಎದೆಗೆ ಅವಚಿಕೊಂಡಳು.

“ಉಡಿ ಒಗದ್ರ ಅಕ್ಕನ್ನ ಒಗದಂಗ ಆಗತೈತಿ. ದಿನಾ ಫೋನ್ ಮಾಡಿ ಕೇಳತಾಳ. ಏನ ಹೇಳ್ಲಿ?”

ಕೊನೆಗೆ ದಾರಿಯನ್ನು ಅವಳೇ ಕಂಡುಕೊಂಡಳು. ಡಬ್ಬಿ ದೇವರ ಜಗಲಿ ಏರಿತು. ಬೆಳಿಗ್ಗೆ ಪೂಜೆಯ ಹೊತ್ತಿಗೆ ಅದಕ್ಕೂ ಒಂದು ಹೂವು. ದೊಡ್ಡವ್ವ ಫೋನಿನಲ್ಲಿ ಕೇಳಿದಾಗ ಅವ್ವ ಇದ್ದದ್ದು ಇದ್ದಂತೆ ಹೇಳಿಬಿಟ್ಟಳು: “ಡಾಕ್ಟರು ಬ್ಯಾಡಂದ್ರು ಅಕ್ಕಾ. ಅದಕ ಜಗಲಿ ಮ್ಯಾಲ ಇಟ್ಟೇನಿ.” ದೊಡ್ಡವ್ವ ‘ಆತು’ ಎಂದು ಫೋನು ಇಟ್ಟಳಂತೆ. ಆಮೇಲೆ ಕೆಲವು ದಿನ ಫೋನೇ ಬರಲಿಲ್ಲ. ಅವ್ವ ಒಸಡಿನ ರಕ್ತಕ್ಕಿಂತ ಅದಕ್ಕೇ ಹೆಚ್ಚು ಕೊರಗಿದಳು.

ಮುಂದಿನ ಪರೀಕ್ಷೆಯಲ್ಲಿ ಅಂಬಲಿ ಹದಕ್ಕೆ ಬಂದಿತ್ತು. ಅದಾದ ಮೇಲೆ ದೊಡ್ಡವ್ವ ಹೇಳದೆ ಕೇಳದೆ ಬಸ್ಸು ಹತ್ತಿ ಬಂದಳು. ಬಂದವಳು ಚಪ್ಪಲಿ ಬಿಟ್ಟು ನೇರ ಜಗಲಿಯ ಹತ್ತಿರ ಹೋದಳು. ಡಬ್ಬಿಯ ಮೇಲೆ ಅಂದಿನ ಮಲ್ಲಿಗೆ ಇತ್ತು, ಮುಚ್ಚಳಕ್ಕೆ ವಿಭೂತಿ ಇತ್ತು. ನೋಡುತ್ತ ನಿಂತಳು.

“ನನ್ನ ಗುಳಿಗಿಗೆ ನನಗಿಂತ ಜಾಸ್ತಿ ಮರ್ಯಾದಿ ಐತಿ ಈ ಮನ್ಯಾಗ” ಎಂದು ನಕ್ಕಳು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಚಹಾ ಇಡಲು ಹೋದಳು.

ಮರುದಿನ ಹೊರಡುವಾಗ ಉಡಿ ತುಂಬುವ ಸರದಿ ಅವ್ವನದು. ಈ ಸಲ ನಾನು ಹಟ ಹಿಡಿದು ಒಳಗೇ ನಿಂತಿದ್ದೆ. ದೊಡ್ಡವ್ವ ಸೆರಗು ಒಡ್ಡಿದಳು. ಅವ್ವ ಬೊಗಸೆ ತುಂಬ ಅಕ್ಕಿ ಹಿಡಿದು ಹಾಗೆಯೇ ನಿಂತುಬಿಟ್ಟಳು.

“ಹಾಕ ಬೇ, ಕೈ ಸೋತಾವು!”

“ನಿನಗ ಸಕ್ಕರಿ ಬ್ಯಾನಿ ಐತಿ, ಬಿಪಿ ಐತಿ. ನಿಮ್ಮ ರಾಮದುರ್ಗದ ಡಾಕ್ಟರಗ ನಿನ್ನ ಡಬ್ಬಿ ತೋರಿಸೀಯೇನು?”

“ಅವರಿಗ್ಯಾಕ? ಅರಿಷಿಣ…”

“ತೋರಸ್ತೇನಿ ಅನ್ನು. ಆಮ್ಯಾಲೆ ಅಕ್ಕಿ.”

“ಉಡಿ ಮುಂದ ಹಿಡದು ಯಾರರ ಕರಾರು ಮಾಡ್ತಾರೇನ!”

“ನೀ ಡಬ್ಬಿ ಹಾಕಿದಿ, ನಾ ಮಾತು ಹಾಕ್ತೇನಿ.”

ಒಡ್ಡಿದ ಸೆರಗನ್ನು ಬರಿದಾಗಿ ಇಳಿಸುವಂತಿಲ್ಲ. ದೊಡ್ಡವ್ವ ನನ್ನನ್ನು ನೋಡಿದಳು, ಜಗಲಿಯನ್ನು ನೋಡಿದಳು. “ತೋರಸ್ತೇನಿ ಹೋಗ, ಹಾಕು” ಎಂದಳು. ಅಕ್ಕಿ ಬಿತ್ತು. ಹಿಂದೆಯೇ ಅರಿಷಿಣ ಕೊಂಬು, ಬೇರೇನೂ ಬೆರೆಸದ್ದು.

ಕೊಟ್ಟ ಮಾತಿನಂತೆ ತೋರಿಸಿದಳು. ಅವರ ಡಾಕ್ಟರು, ಸ್ವಲ್ಪ ದಿನ ನಿಲ್ಲಿಸಿ ನೋಡಿರಿ ಎಂದರಂತೆ. ನಿಲ್ಲಿಸಿ ತಿಂಗಳುಗಳಾದವು. ದೊಡ್ಡವ್ವ ಈಗಲೂ ಮಾಳಿಗೆ ಏರುತ್ತಾಳೆ. ಮೊನ್ನೆ ಫೋನಿನಲ್ಲಿ, ಹಾಗಾದರೆ ಗುಳಿಗೆಯಿಂದ ಏನೂ ಆಗಿರಲಿಲ್ಲವಲ್ಲ ಎಂದು ನಾನು ಖುಷಿಯಿಂದ ಕೇಳಿದೆ.

“ಹುಚ್ಚಾ, ಅವಾಗ ತಿಂದದ್ದ ಇನ್ನೂ ಕೆಲಸ ಮಾಡಾಕತ್ತೈತಿ” ಎಂದಳು.

ನಾನು ಬಾಯಿ ತೆರೆದೆ. ಅವ್ವ ಫೋನು ಕಸಿದುಕೊಂಡಳು.