ಪೆಟ್ಟಿಗೆಯ ಬಾಯಿಗೆ ಎದುರಾಗಿ ನಿಂತವಳು

ಜಾವಗಲ್ಲಿನ ಉದಯಕುಮಾರನ ಕಿವಿಯೆಂದರೆ ಕೊಬ್ಬರಿ ವ್ಯಾಪಾರಿಗಳ ನಡುವೆ ಹೆಸರುವಾಸಿ. ಅಟ್ಟದಿಂದ ಇಳಿಸಿದ ಕಾಯನ್ನು ಒಮ್ಮೆ ಅಲ್ಲಾಡಿಸಿ ಕಿವಿಗೆ ಹಿಡಿದರೆ ಸಾಕು, ಒಳಗೆ ಒಣಗಿದ ಕೊಬ್ಬರಿ ಗಿಟುಕು ಬಿಟ್ಟುಕೊಂಡಿದೆಯೋ, ಇನ್ನೂ ಚಿಪ್ಪಿಗೆ ಅಂಟಿಕೊಂಡು ಕೂತಿದೆಯೋ ಹೇಳಿಬಿಡುತ್ತಿದ್ದ. ಆ ಕಿವಿ ಕೊಬ್ಬರಿ ಮಂಡಿಯಲ್ಲೇ ಇರಲಿ ಎಂದು ಅವನಪ್ಪ ಜಯದೇವಪ್ಪನವರ ಆಸೆ. ಮಗ ಅದನ್ನು ಒಯ್ದು ಎಲೆಕ್ಟ್ರಿಕ್ ಗಿಟಾರಿಗೆ ಕೊಟ್ಟ. "ಕಾಯಿ ಸುಲಿಯೋ ಕೈಲಿ ತಂತಿ ಕೆರೀತೀಯೇನ್ಲಾ?" ಎಂದು ಅಪ್ಪ ಸಾಯುವ ತನಕ ಹಂಗಿಸಿದರು. ಇವನು ಕೆರೆಯುವುದನ್ನು ಬಿಡಲಿಲ್ಲ.

ಅವನ ಗಿಟಾರಿಗೆ ಹಾಡುತ್ತಿದ್ದವಳು ಹೆಂಡತಿ ನಯನಾ. ಗಣಪತಿ ಕೂರಿಸಿದ ಊರುಗಳಲ್ಲಿ, ಹಾರನಹಳ್ಳಿ, ಹಗರೆ ಕಡೆಯ ಮದುವೆಗಳಲ್ಲಿ ಇವರದೇ ವಾದ್ಯಗೋಷ್ಠಿ. ಗಿಟಾರಿನ ಸದ್ದು ಹೊರಡಿಸಲು ಇದ್ದದ್ದು ಒಂದೇ ಒಂದು ಕರಿ ಸ್ಪೀಕರ್ ಪೆಟ್ಟಿಗೆ. ಅರಸೀಕೆರೆಯ ರೇಡಿಯೋ ರಿಪೇರಿಯವನು ಕೂಡಿಸಿಕೊಟ್ಟದ್ದು. ಹಾಡುವವಳಿಗೆ ಶ್ರುತಿ ಸಿಗಬೇಕಲ್ಲ, ಅದಕ್ಕೆ ಪೆಟ್ಟಿಗೆಯ ಬಾಯನ್ನು ನಯನಾಳ ಎಡಗಿವಿಗೆ ನೇರವಾಗಿ ತಿರುಗಿಸಿಟ್ಟು, ತಾನು ಅದರ ಬೆನ್ನ ಹಿಂದೆ ನಿಂತು ನುಡಿಸುತ್ತಿದ್ದ. ಅವಳು ಆ ಕಿವಿಗೆ ಹತ್ತಿ ಇಟ್ಟುಕೊಂಡೇ ವೇದಿಕೆ ಹತ್ತುತ್ತಿದ್ದಳು. ಯಾರಾದರೂ ಕೇಳಿದರೆ, "ಥಂಡಿಗಾಳಿ ಕಣ್ರೀ, ಗಂಟಲು ಕಟ್ಟುತ್ತೆ" ಅನ್ನುತ್ತಿದ್ದಳು.

ಹೋದ ವರ್ಷ ಕಾಮಾಲೆ ಬಂದು ಅವಳು ತೀರಿಕೊಂಡಳು. ಉಳಿದದ್ದು ಮಗಳು ಸಿರಿಯ ಫೋನಿನಲ್ಲಿದ್ದ ಅವಳ ಒಂದು ಹಾಡು. ಅಕ್ಕಿ ಆರಿಸುತ್ತಾ ಹಾಡಿಕೊಂಡದ್ದು, ಗಂಡಹೆಂಡಿರು ತಾವೇ ಕಟ್ಟಿದ್ದು.

"ವರ್ಷದ ಕಾರ್ಯದ ದಿನ ಅಮ್ಮನ ಹಾಡು ಹಾಕಾಣ ಅಪ್ಪ. ಜೊತೆಗೆ ನೀನೂ ನುಡಿಸು," ಎಂದಳು ಸಿರಿ.

ಉದಯಕುಮಾರನಿಗೆ ಆಮೇಲೆ ಒಂದೇ ಹಂಬಲ. ಅವಳು ಇಷ್ಟು ವರ್ಷ ಯಾವ ಸದ್ದಿನ ಜೊತೆ ಹಾಡಿದಳೋ ಅದೇ ಸದ್ದು ಅವಳ ದನಿಯ ಪಕ್ಕದಲ್ಲಿರಬೇಕು. ಅಟ್ಟ ಹತ್ತಿ ನೋಡಿದರೆ ಕರಿ ಪೆಟ್ಟಿಗೆಯ ಸ್ಪೀಕರ್ ಕಾಗದವನ್ನು ಇಲಿಗಳು ತಿಂದು ತೇಗಿದ್ದವು.

ಅರಸೀಕೆರೆಯಲ್ಲಿ ಸ್ಟುಡಿಯೋ ಇಟ್ಟಿರುವ ಚೇತನ್‌ಕುಮಾರ್ ಧೈರ್ಯ ಹೇಳಿದ. "ಪೆಟ್ಟಿಗೆ ಹೋದ್ರೆ ಹೋಗ್ಲಿ ಉದಯಣ್ಣ. ಲೋಕದಾಗಿರೋ ಪೆಟ್ಟಿಗೆಗಳೆಲ್ಲ ಈ ಸಾಫ್ಟ್‌ವೇರ್ ಒಳಗೇ ಅವೆ."

ಗಿಟಾರಿನ ವೈರು ಕಂಪ್ಯೂಟರಿಗೆ ಹೋಯಿತು. ಪರದೆಯ ಮೇಲೆ ತಿರುಪುಗಳ ಸಮೇತ ಪೆಟ್ಟಿಗೆಯ ಚಿತ್ರ ಬಂತು. ಹಳೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಹಾಗೇ ಉದಯಕುಮಾರ ಅವನ್ನು ಇಡಿಸಿದ. ಮಂದ್ರದ ತಿರುಪು ಅರ್ಧಕ್ಕೆ, ಕೀಚಲಿನ ತಿರುಪು ಪೂರ್ತಿ. ನುಡಿಸಿದ. ಹೆಡ್‌ಫೋನಿನಲ್ಲಿ ತಗಡು ಗೀರಿದಂತಾಯಿತು.

"ಥೂ! ನಿನ್ನ ಸಾಫ್ಟ್‌ವೇರು ಗಿಟುಕು ಬಿಡದ ಕಾಯಿ ಕಣೋ!"

"ಒಡೀದೇನೇ ಬೈಬ್ಯಾಡಿ, ಇನ್ನೊಂದು ನೋಡಾಣ," ಎಂದು ಚೇತನ್ ನಕ್ಕ.

ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬದಲಾಯಿಸಿದರು. ಎಲ್ಲದರಲ್ಲೂ ಅದೇ ಕೀಚಲು. ಮಧ್ಯದಲ್ಲಿ ಚೇತನ್ ಫೋನಿನ ಹಾಡನ್ನು ಕೊನೆಯವರೆಗೂ ಕೇಳಿ, "ಹಾಡು ಮುಗಿದ ಮೇಲೆ ಸಿರಿ 'ಅಮ್ಮಾ, ಅಮ್ಮಾ' ಅಂತ ಕೂಗಿರೋದೂ ಬಂದುಬಿಟ್ಟೈತೆ. ಕತ್ತರಿಸಿಬಿಡ್ತೀನಿ," ಎಂದ. ಉದಯಕುಮಾರ ತಲೆಯಾಡಿಸಿದ. ಅವನ ಧ್ಯಾನವೆಲ್ಲ ತಿರುಪಿನ ಮೇಲಿತ್ತು.

ಕೊನೆಗೆ ಚೇತನ್ ಪರದೆಯ ಮೇಲೆ ಇನ್ನೊಂದು ಚಿತ್ರ ತೆರೆದ. ಸ್ಪೀಕರಿನ ನಟ್ಟನಡುವೆ, ಬಾಯಿಗೆ ಬಾಯಿಟ್ಟಂತೆ ಒಂದು ಮೈಕು.

"ಇದು ಪೆಟ್ಟಿಗೆ ಎದುರಿಗೆ ಇರೋರಿಗೆ ಕೇಳೋ ಸದ್ದು ಉದಯಣ್ಣ. ನೀವೆಲ್ಲಿ ನಿಲ್ತಿದ್ರಿ?"

"ಹಿಂದೆ."

"ಅಲ್ಲಿ ಮಂಕಾಗೇ ಕೇಳೋದು. ಅದಕ್ಕೇ ನೀವು ಕೀಚಲು ಏರಿಸಿದ್ದೀರಿ. ಎದುರಿಗೆ ಯಾರೂ ಇರ್ಲಿಲ್ವಾ? ಇದ್ದಿದ್ರೆ ಕಿವಿ ಮುಚ್ಕೊಂಡು ಓಡಿರೋರು!"

ಚೇತನ್ ನಗುತ್ತಲೇ ಇದ್ದ. ಉದಯಕುಮಾರನ ಬೆರಳು ತಂತಿಯ ಮೇಲೆ ಹಾಗೇ ನಿಂತಿತು.

ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಅವಳು ಹೇಳಿದ್ದಳು. "ವಸಿ ಕಮ್ಮಿ ಮಾಡ್ರೀ, ಕಿವಿಗೆ ದಬ್ಬಣ ಇಟ್ಟಂಗಾಯ್ತದೆ." ಇವನು ಎಲ್ಲರೆದುರು ನಕ್ಕುಬಿಟ್ಟಿದ್ದ. "ಕಾಯಿ ಅಲ್ಲಾಡಿಸಿ ಒಳಗಿಂದು ಹೇಳೋ ಕಿವಿ ಕಣೇ ಇದು. ನೀನು ಹಾಡು, ಸಾಕು." ಅವಳು ಮತ್ತೆ ಆ ಮಾತೆತ್ತಲಿಲ್ಲ, ಹತ್ತಿ ಇಟ್ಟುಕೊಂಡಳು. ಕಡೆಕಡೆಗೆ ಎಡಮಗ್ಗುಲಿನಿಂದ ಕರೆದರೆ ತಿರುಗುತ್ತಿರಲಿಲ್ಲ. "ನಮ್ಮ ಕಿವುಡಮ್ಮ" ಎಂದು ಅದಕ್ಕೂ ಇವನು ಗೇಲಿ ಮಾಡಿದ್ದ. ಅವಳೂ ನಕ್ಕಿದ್ದಳು.

"ಮೊದಲು ಇಟ್ಟಿದ್ದೆವಲ್ಲ, ಅದನ್ನೇ ಹಾಕು," ಎಂದ.

"ಕಿವಿ ಹೋಯ್ತದೆ ಅಣ್ಣ."

"ಹಾಕಪ್ಪ."

ಹೆಡ್‌ಫೋನಿನ ಬಲಭಾಗವನ್ನು ಕಿವಿಯಿಂದ ಸರಿಸಿ, ಎಡಭಾಗವನ್ನು ಅಂಗೈಯಿಂದ ಒತ್ತಿ ಹಿಡಿದು, ಒಂದೊಂದೇ ಸ್ವರ ಮೀಟಿದ. ಪಲ್ಲವಿ ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬಿತು. ಎಷ್ಟು ಸದ್ದಿಗೆ, ಎಷ್ಟು ಅವಳಿಗೆ ಎಂದು ಅವನಿಗೇ ತಿಳಿಯಲಿಲ್ಲ.

ಆಮೇಲೆ ಚೇತನ್ ಅವನು ಹೇಳಿದಂತೆ ಮೈಕಿನ ಚಿತ್ರವನ್ನು ಸ್ಪೀಕರಿನ ಅಂಚಿಗೆ ಎಳೆದ, ದೂರ ಸರಿಸಿದ. ಕೀಚಲು ಇಳಿಯುತ್ತಾ ಇಳಿಯುತ್ತಾ ಕಾಲುಭಾಗಕ್ಕೆ ಬಂತು. ಈಗ ಹೊರಟ ಸದ್ದು ಒಣಗಿದ ಗಿಟುಕಿನ ಹಾಗೆ ಬಿಡಿಯಾಗಿ, ಮೃದುವಾಗಿ ಕೇಳಿತು. ಆ ಸದ್ದಿನ ಜೊತೆ ನಯನಾ ಒಂದು ದಿನವೂ ಹಾಡಿರಲಿಲ್ಲ. ಅವಳ ದನಿ ಕೇಳುತ್ತಾ, ಗಿಟಾರಿನ ಸದ್ದನ್ನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇಟ್ಟು ಇಡೀ ಹಾಡು ನುಡಿಸಿದ.

ಹಾಡು ಮುಗಿಯಿತು. ಚೇತನ್ ಕತ್ತರಿಸಲು ಹೊರಟಾಗ ಉದಯಕುಮಾರ ಅವನ ಕೈ ಹಿಡಿದ.

"ಬ್ಯಾಡ, ಇರಲಿ ಬಿಡು."

ಸ್ಪೀಕರಿನಲ್ಲಿ ಸಿರಿ ಕೂಗಿದಳು, "ಅಮ್ಮಾ." ಮೊರದಲ್ಲಿ ಅಕ್ಕಿ ಸರಿದ ಸದ್ದು. ಮತ್ತೆ, ಜೋರಾಗಿ, "ಅಮ್ಮಾ!"

"ಆಂ? ಕರೆದ್ಯೇನವ್ವಾ?" ಎಂದಳು ನಯನಾ.