ಬಟ್ಟಲು ಬಾಗಿಲ ಬಳಿಗೆ ಬಂದ ಭಾನುವಾರ

ಜಡಿಗೇನಹಳ್ಳಿ ಹತ್ತಿರದ ಆ ಪ್ರಾರ್ಥನಾ ಮಂದಿರ ತಗಡು ಹೊದಿಸಿದ ಒಂದೇ ಕೋಣೆ. ಅಂಜಿನಮ್ಮ ಯಾವಾಗಲೂ ಅದರ ಬಾಗಿಲ ಬಳಿಯೇ ಕೂರುತ್ತಿದ್ದಳು. ಗಾಳಿಗೆಂದಲ್ಲ. ತಿಂಗಳ ಮೊದಲ ಭಾನುವಾರ, ಯೇಸುವಿನ ಮರಣ ನೆನೆದು ಎಲ್ಲರೂ ಹಂಚಿಕೊಳ್ಳುವ ಕರ್ತನ ಭೋಜನ ನಡೆಯುವಾಗ, ರೊಟ್ಟಿಯೂ ದ್ರಾಕ್ಷಾರಸದ ಬಟ್ಟಲೂ ಕೈಯಿಂದ ಕೈಗೆ ಸಾಗುತ್ತಾ ಬರುವ ಮೊದಲೇ, ಸೆರಗು ಎಳೆದುಕೊಂಡು ಹೊರಗೆ ಜಾರಿಬಿಡಲು.

ಅವಳ ದೀಕ್ಷಾಸ್ನಾನವಾಗಿ ಎಷ್ಟೋ ವರ್ಷವಾಗಿತ್ತು. ಗುಲಾಬಿ ತೋಟದ ಕೂಲಿಯಲ್ಲೇ ಅವಳ ತಲೆ ನರೆತಿತ್ತು. ದುಡಿಯದೆ ಒಂದು ತುತ್ತೂ ಅವಳ ಬಾಯಿಗೆ ಬಂದದ್ದಿಲ್ಲ. ದೇವರ ರಕ್ಷಣೆಯನ್ನೂ ಹಾಗೆ ದುಡಿದೇ ಗಳಿಸಬೇಕೆಂದು ನಂಬಿ ಮಂದಿರ ಗುಡಿಸುತ್ತಿದ್ದಳು, ಚಾಪೆ ಕೊಡವುತ್ತಿದ್ದಳು, ಉಪವಾಸ ಹಿಡಿಯುತ್ತಿದ್ದಳು.

ಯಾಕೆ ಎದ್ದು ಹೋಗುತ್ತೀಯೆ ಎಂದು ಪಾಸ್ಟರ್ ದೇವರಾಜ್ ಕೇಳಿದರೆ ಒಂದೇ ಉತ್ತರ: "ನಾನಿನ್ನೂ ಅದ್ಕೆ ತಕ್ಕವಳಾಗಿಲ್ಲ ಪಾಸ್ಟ್ರೇ. ಏನ್ ಮಾಡಿವ್ನಿ ಅಂತ ಕುಡೀಲಿ?"

"ನೀನು ಮಾಡೋದು ಏನೂ ಇಲ್ಲ ಕಣಮ್ಮ. ಮಾಡೋದೆಲ್ಲ ಯೇಸುಸ್ವಾಮಿ ಮಾಡಿ ಮುಗಿಸವ್ನೆ. ಕೃಪೆ ಅಂದ್ರೆ ಸುಮ್ನೆ ಕೊಡೋದು."

"ಸುಮ್ನೆ ಯಾರ್ ಕೊಡ್ತಾರೆ? ನಮ್ಮೂರಲ್ಲಿ ಸುಮ್ನೆ ಸಿಗೋದು ಬೈಗುಳ ಒಂದೇಯ."

ಪಾಸ್ಟರ್ ನಕ್ಕುಬಿಡುತ್ತಿದ್ದರು. ಅಂಜಿನಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಆ ಬಟ್ಟಲು ಮುಟ್ಟದೆಯೇ ತಾನು ಕಣ್ಣು ಮುಚ್ಚಿದರೆ ಏನು ಗತಿ ಎಂಬ ಭಯ ಒಳಗೇ ಕೊರೆಯುತ್ತಿತ್ತು.

ಈ ವರ್ಷ ಪಿಳ್ಳಮ್ಮನೂ ನಂಬಿಕೆಗೆ ಬಂದಳು. ಊರಿನಲ್ಲಿ ದೊಡ್ಡ ಜಮೀನಿನ ಮನೆಯವಳು. ಅಂಜಿನಮ್ಮ ಪ್ರಾಯದಲ್ಲಿ ಕಳೆ ಕಿತ್ತದ್ದೆಲ್ಲ ಆ ಮನೆಯ ಹೊಲದಲ್ಲೇ. ಮಕ್ಕಳು ಮುನಿಸಿಕೊಂಡರೂ ಕೇಳದೆ ದೀಕ್ಷಾಸ್ನಾನ ಪಡೆದ ಪಿಳ್ಳಮ್ಮನಿಗೆ ಆ ಭಾನುವಾರ ಮೊದಲ ಕರ್ತನ ಭೋಜನ.

"ಗೌಡ್ತಮ್ಮ ನಮ್ಮ ಬಟ್ಟಲಲ್ಲಿ ಕುಡೀತಾರಾ? ಮನೆಯಿಂದ್ಲೇ ಲೋಟ ತಂದಿರ್ತಾರೆ, ನೋಡ್ತಿರು," ಎಂದು ಹಿಂದೆ ಕೂತಿದ್ದ ಹುಡುಗಿ ಸಿಂಚನ ಪಕ್ಕದವಳಿಗೆ ಪಿಸುಗುಟ್ಟಿದಳು.

ಪಾಸ್ಟರ್ ಎಲ್ಲರಿಗಿಂತ ಮೊದಲು ಪಿಳ್ಳಮ್ಮನ ಕೈಗೇ ರೊಟ್ಟಿಯನ್ನೂ ಬಟ್ಟಲನ್ನೂ ಕೊಟ್ಟರು. ಅವಳು ಕುಡಿಯಲಿಲ್ಲ. ಬಟ್ಟಲನ್ನೇ ನೋಡುತ್ತಾ ನಿಂತಳು. ಆಮೇಲೆ ಮಂಡಿನೋವಿನಲ್ಲಿ ಕುಂಟುತ್ತಾ, ಕೂತವರ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆಗೆ ಬಂದಳು. ಅಂಜಿನಮ್ಮ ಆಗಲೇ ಏಳುತ್ತಿದ್ದಳು.

"ಎಲ್ಲಿಗೇ ಹೊಂಟೆ ಅಂಜಿನಿ? ತಗೋ."

ಗಾಬರಿಯಲ್ಲಿ ಅಂಜಿನಮ್ಮ ಎರಡೂ ಕೈ ಜೋಡಿಸಿ, ಬೊಗಸೆ ಮಾಡಿ, ಬಾಯಿಗೆ ಹಿಡಿದುಬಿಟ್ಟಳು.

ಆ ಬೊಗಸೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪಿಳ್ಳಮ್ಮನ ಹಿತ್ತಿಲಲ್ಲಿ ಬಾಯಾರಿ ನಿಂತಾಗಲೆಲ್ಲ ಅಂಜಿನಮ್ಮ ಹಾಗೆಯೇ ಹಿಡಿಯಬೇಕಿತ್ತು. ಚೊಂಬು ತಾಗಬಾರದೆಂದು ಪಿಳ್ಳಮ್ಮ ಮೇಲಿನಿಂದ ನೀರು ಹುಯ್ಯುತ್ತಿದ್ದಳು. ಈಗ ಕೈಗಳು ತಮ್ಮಷ್ಟಕ್ಕೆ ತಾವೇ ಮೇಲೆದ್ದಿದ್ದವು.

ಪಿಳ್ಳಮ್ಮನ ಮುಖ ಬಾಡಿತು. ಗೋಡೆಗೆ ಒರಗಿಕೊಂಡು ಅಂಜಿನಮ್ಮನ ಚಾಪೆಯ ಮೇಲೇ ಕೂತಳು. ರೊಟ್ಟಿಯ ಚೂರನ್ನು ಮುರಿದು ಅರ್ಧವನ್ನು ಅಂಜಿನಮ್ಮನಿಗೆ ತಿನ್ನಿಸಿದಳು. ಆ ಬೊಗಸೆಯೊಳಗೇ ಬಟ್ಟಲನ್ನು ಇಟ್ಟಳು.

"ಎತ್ತಿ ಹುಯ್ಯಾಕೆ ಇದು ನನ್ನ ಮನೇದಲ್ಲ ಕಣೇ. ನಾನೂ ಬೇಡ್ಕೊಂಡೇ ಬಂದಿವ್ನಿ. ಮೊದ್ಲು ನೀ ಕುಡಿ, ನಿನ್ನ ಕೈಯಿಂದ ನಾನು ಇಸ್ಕೋತೀನಿ."

"ಅಯ್ಯೋ ಅಮ್ಮಾವ್ರೇ, ಎಂಜಲಾಗ್ತದೆ!"

"ಆಗ್ಲಿ ಬಿಡು."

ಅಂಜಿನಮ್ಮ ಪಾಸ್ಟರ್ ಕಡೆ ನೋಡಿದಳು. ಏನು ಮಾಡಿ ಬಂದಿದ್ದೀಯೆ ಎಂದು ಯಾರೂ ಕೇಳಲಿಲ್ಲ. ಬಟ್ಟಲನ್ನು ತುಟಿಗಿಟ್ಟು ಒಂದು ಗುಟುಕು ಕುಡಿದಳು.

ಪಾಸ್ಟರ್ ಹತ್ತಿರ ಬಂದು ವಾಡಿಕೆಯಂತೆ ಬಟ್ಟಲಿನ ಅಂಚು ಒರೆಸಲು ಬಿಳಿ ಬಟ್ಟೆ ಮುಂದೆ ಚಾಚಿದರು. ಪಿಳ್ಳಮ್ಮ ಬೇಡವೆಂದು ತಲೆಯಾಡಿಸಿ, ಅಂಜಿನಮ್ಮನ ತುಟಿ ತಾಗಿದ ಕಡೆಯಿಂದಲೇ ಕುಡಿದಳು.

ಇಷ್ಟು ವರ್ಷ ಅಂಜಿನಮ್ಮ ಗುಡಿಸಿ, ಹಸಿದು, ಕಾದದ್ದು ಈ ಬಟ್ಟಲಿಗಾಗಿ; ಅದು ಎದ್ದು, ಕುಂಟಿಕೊಂಡು, ತಾನಾಗಿ ಅವಳಿದ್ದಲ್ಲಿಗೇ ನಡೆದು ಬಂದಿತ್ತು.

"ಇಷ್ಟೇನಾ ಅಮ್ಮಾವ್ರೇ?" ಎಂದಳು ಮೆಲ್ಲಗೆ.

"ನಂಗೂ ಹೊಸದು ಕಣೇ," ಎಂದು ಪಿಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಷ್ಟೇಯ ಅಂತ ಕಾಣ್ತದೆ."